ನಮ್ಮ ಮನೆಯ ವಿಳಾಸ

ಮಾರ್ಚ್ 4

ಪ್ರೀತಿಯ ಕಡ್ಡಿಗೆ,

ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ನಡುವೆ ನಿಮ್ಮಣ್ಣ ತಮ್ಮದೂ ಒಂದಿರಲಿ ಎಂದು ಬಾಯಿ ಹಾಕುತ್ತಾರೆ, ಕೊನೆಗೆ ಯಾರು ಏನು ಹೇಳಿದರೆಂದು ಯಾರಿಗೂ ನೆನಪಿರುವುದಿಲ್ಲ. ಅದಕ್ಕೇ ಇಮೇಲಿನಲ್ಲಿ ಬರೆಯುತ್ತಿದ್ದೇನೆ. ಸುಮ್ಮನೆ ಕೂತು ಓದು.

ನನ್ನ ಪುಸ್ತಕ ಬಂತು ಕಣೇ. ಕಾಗದದ್ದಲ್ಲ, ಫೋನಿನಲ್ಲಿ ಓದುವಂಥದ್ದು. ಹಾಸಿಗೆ ಹಿಡಿದವರನ್ನು ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ ಎಂಬ ಪುಸ್ತಕ. ನನ್ನ ತರಗತಿಗೆ ಬರುವ ಹೆಂಗಸರು ನಿನಗೆ ಗೊತ್ತಲ್ಲ, ಕಂಡವರ ಮನೆಗೆ ಹೋಗಿ ಹಗಲೂ ರಾತ್ರಿ ರೋಗಿಯ ಪಕ್ಕ ಕೂರುವವರು. ಅವರಿಗೆ ದಪ್ಪ ಪುಸ್ತಕ ಕೊಟ್ಟು ಪ್ರಯೋಜನವಿಲ್ಲ. ಒಂದು ಕೈ ರೋಗಿಯ ಸೊಂಟದ ಕೆಳಗಿರುತ್ತದೆ, ಇನ್ನೊಂದು ಕೈ ದಿಂಬು ಎಳೆಯುತ್ತಿರುತ್ತದೆ. ಫೋನಾದರೆ ನೀರಿನ ಬಾಟಲಿಗೆ ಒರಗಿಸಿಟ್ಟು, ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾರೆ. ಮೂರನೇ ಅಧ್ಯಾಯ ಪೂರ್ತಿ ನಿಮ್ಮಮ್ಮನ ಬೆನ್ನಿನ ಹುಣ್ಣಿನಿಂದ ನಾನು ಕಲಿತದ್ದು. ಹೆಸರು ಹಾಕಿಲ್ಲ. ಓದಿದರೆ ನಿನಗೆ ಗೊತ್ತಾಗುತ್ತದೆ.

ಬೆಲೆಯ ವಿಷಯಕ್ಕೆ ಪ್ರಕಾಶಕರ ಜೊತೆ ದೊಡ್ಡ ಜಗಳವೇ ಆಯಿತು. "ಇಷ್ಟು ಕಮ್ಮಿಗೆ ಕೊಟ್ರೆ ನಮಗೇನು ಉಳಿಯುತ್ತೆ ಮೇಡಂ?" ಅಂದರು. "ನನ್ನ ಹೆಂಗಸರು ಒಂದು ಹೊತ್ತು ಉಪವಾಸ ಇದ್ದು ಪುಸ್ತಕ ಕೊಳ್ಳೋದಾದ್ರೆ ನನಗೆ ಈ ಪುಸ್ತಕವೇ ಬೇಡ" ಅಂದು ಎದ್ದು ನಿಂತೆ. ನಿಜವಾಗಿ ಬಾಗಿಲವರೆಗೂ ಹೋದೆ. ಆಮೇಲೆ ಕರೆದು ಕೂರಿಸಿ ಒಂದು ಒಪ್ಪಂದಕ್ಕೆ ಬಂದರು. ಇಲ್ಲಿ ಕೊಳ್ಳುವವರಿಗೆ ಮೂರನೇ ಒಂದು ಪಾಲು ಬೆಲೆ, ಹೊರದೇಶದಲ್ಲಿರುವ ನಮ್ಮವರಿಗೆ ಪೂರ್ತಿ ಬೆಲೆ. ಅಲ್ಲಿಯ ಮಾರಾಟದಿಂದ ಇಲ್ಲಿಯ ನಷ್ಟ ತುಂಬಬೇಕು. ಆರು ತಿಂಗಳು ನೋಡುತ್ತಾರಂತೆ. ತುಂಬಿದರೆ ಇಲ್ಲಿಯ ಬೆಲೆ ಹೀಗೇ ಇರುತ್ತದೆ, ಇಲ್ಲವಾದರೆ ಎಲ್ಲರಿಗೂ ಒಂದೇ, ಪೂರ್ತಿ ಬೆಲೆ.

ಆದ್ದರಿಂದ ನಾದಿನಿಯವರೇ, ಅಲ್ಲಿ ನಾಲ್ಕು ಜನರಿಗೆ ಹೇಳಿ. ಮನೆಯಲ್ಲಿ ವಯಸ್ಸಾದವರನ್ನು ಇಟ್ಟುಕೊಂಡಿರುವ ನಮ್ಮವರು ಅಲ್ಲಿ ಬೇಕಾದಷ್ಟಿದ್ದಾರೆ. ನಿನ್ನ ಬಾಯಿಗೆ ಬೀಗ ಹಾಕು ಅಂತ ಚಿಕ್ಕಂದಿನಲ್ಲಿ ಬೈಯುತ್ತಿದ್ದೆನಲ್ಲ, ಈಗ ಬೀಗ ತೆಗೆದಿದ್ದೇನೆ.

ನಿನ್ನ
ಅತ್ತಿಗೆ

*

ಮಾರ್ಚ್ 19

ಅತ್ತಿಗೆಗೆ ನಮಸ್ಕಾರ,

ನಿಮ್ಮ ಪತ್ರ ಬಂದ ದಿನವೇ ಪುಸ್ತಕ ಕೊಂಡೆ. ಮೂರನೇ ಅಧ್ಯಾಯ ಓದಿದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕನ್ನಡಕದ ಗಾಜು ಉಜ್ಜುವ ಯಂತ್ರದ ಮುಂದೆ ನಿಂತು ಓದುತ್ತಿದ್ದೆ. ಕಣ್ಣಲ್ಲಿ ನೀರು ಬಂದು ಒಂದು ಗಾಜನ್ನು ಉಲ್ಟಾ ಕೂರಿಸಿಬಿಟ್ಟೆ. ಮಾಲೀಕರು ಕಣ್ಣಿಗೆ ಗಾಜಿನ ಪುಡಿ ಹೋಯಿತೇನೋ ಅಂದುಕೊಂಡು ತಾವೇ ಕಣ್ಣು ತೊಳೆಯುವ ಬಟ್ಟಲು ತಂದರು. ಹೌದು ಅಂದು ಕಣ್ಣು ತೊಳೆದುಕೊಂಡೆ. ಅಮ್ಮನನ್ನು ಹೊರಳಿಸುವಾಗ ನೀವು ಮೊದಲು ನಿಮ್ಮ ಅಂಗೈ ಬಿಸಿ ಮಾಡಿಕೊಳ್ಳುತ್ತಿದ್ದಿರಿ ಎಂಬುದು ನನಗೆ ಗೊತ್ತೇ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುತ್ತಿದ್ದೆನಲ್ಲ, ಬಾಗಿಲು ಹಾಕಿಕೊಂಡು.

ನಾಲ್ಕು ಜನರಿಗಲ್ಲ, ಊರಿಗೆಲ್ಲ ಹೇಳಿದೆ. ಭಾನುವಾರ ನಮ್ಮವರೆಲ್ಲ ಒಂದು ಸಭಾಂಗಣದಲ್ಲಿ ಸೇರುತ್ತೇವೆ. ಮಕ್ಕಳು ಓಡಾಡುತ್ತಿರುತ್ತವೆ, ದೊಡ್ಡವರು ಕಾಫಿ ಕುಡಿದುಕೊಂಡು ಬೇರೆಯವರ ಮನೆ ಸುದ್ದಿ ಮಾತಾಡುತ್ತಿರುತ್ತಾರೆ. ಅಲ್ಲಿ ಕುರ್ಚಿ ಮೇಲೆ ಹತ್ತಿ ನಿಂತು, ನಮ್ಮತ್ತಿಗೆ ಬರೆದ ಪುಸ್ತಕ, ಎಲ್ಲರೂ ಕೊಳ್ಳಲೇಬೇಕು ಅಂದೆ. ಸಾಲಾಗಿ ನಿಂತರು ಅತ್ತಿಗೆ. ಎಲ್ಲರ ಫೋನಿಗೂ ನಾನೇ ಹಾಕಿಕೊಟ್ಟೆ. ನಿಮ್ಮ ಪ್ರಕಾಶಕರು ಇನ್ನು ಬಾಗಿಲವರೆಗೆ ಬಂದು ನಿಮ್ಮನ್ನು ಕರೆದುಕೊಂಡು ಹೋಗಬೇಕು, ನೋಡುತ್ತಿರಿ.

ನಿಮ್ಮ
ಕಡ್ಡಿ

*

ಜೂನ್ 11

ಪ್ರೀತಿಯ ಕಡ್ಡಿ,

ನಿನ್ನ ಪತ್ರವನ್ನು ತರಗತಿಯಲ್ಲಿ ಓದಿ ಹೇಳಿದೆ. ಕುರ್ಚಿ ಹತ್ತಿದ್ದು ಕೇಳಿ ಎಲ್ಲರೂ ನಕ್ಕರು. "ಟೀಚರ್, ನಿಮ್ಮ ನಾದಿನಿ ಚುನಾವಣೆಗೆ ನಿಂತ್ರೆ ಗೆದ್ದುಬಿಡ್ತಾರೆ" ಅಂದಳು ಸೈಕಲ್ ರಾಣಿ. ಅವಳ ವಿಷಯ ನಿನಗೆ ಬರೆದಿಲ್ಲ ಅಲ್ಲವೇ? ಊರ ಆ ಕೊನೆಯಿಂದ ಸೈಕಲ್ ತುಳಿದುಕೊಂಡು ಬರುತ್ತಾಳೆ, ಅದಕ್ಕೇ ಉಳಿದವರು ಆ ಹೆಸರಿಟ್ಟಿದ್ದಾರೆ. ರಾತ್ರಿಯೆಲ್ಲ ಒಬ್ಬ ಮುದುಕರನ್ನು ನೋಡಿಕೊಂಡು, ಬೆಳಿಗ್ಗೆ ನೇರ ತರಗತಿಗೆ. ಕಣ್ಣು ಕೆಂಪಗಿರುತ್ತದೆ, ಆದರೂ ಮೊದಲ ಬೆಂಚು. ಫೋನಿನ ವಿಷಯದಲ್ಲಿ ಚುರುಕು. ಪುಸ್ತಕ ಇಳಿಸಿಕೊಳ್ಳಲು ಬಾರದವರಿಗೆಲ್ಲ ಅವಳೇ ಮಾಡಿಕೊಟ್ಟಳು. ಹೋದ ವಾರ ನಮ್ಮ ಮನೆಗೇ ಬಂದು, ಹೊರಳಿಸುವುದನ್ನು ಅಭ್ಯಾಸ ಮಾಡಲು ನಿಮ್ಮಮ್ಮನ ಹಳೇ ಹಾಸಿಗೆ ಕೇಳಿಕೊಂಡು ಹೋದಳು. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ ಚಂದ ನೋಡಬೇಕಿತ್ತು, ಅವಳು ಕಾಣಿಸುತ್ತಲೇ ಇರಲಿಲ್ಲ, ಹಾಸಿಗೆಯೇ ರಸ್ತೆಯಲ್ಲಿ ಹೋಗುತ್ತಿತ್ತು.

ಒಂದು ಮಾತು. ಪ್ರಕಾಶಕರ ಕಚೇರಿಗೆ ಫೋನು ಮಾಡಿದ್ದೆ. ಹೊರದೇಶದ ಮಾರಾಟ ಇಲ್ಲವೇ ಇಲ್ಲ ಅನ್ನುವಷ್ಟಿದೆಯಂತೆ. ನೀನು ಸಾಲು ನಿಂತರು ಅಂದೆಯಲ್ಲ? ಅವರೆಲ್ಲ ಎಲ್ಲಿ ಹೋದರು? ಲೆಕ್ಕ ಬರುವುದು ತಡವಾಗುತ್ತದೇನೋ. ನಿನಗೆ ಇಂಥದ್ದು ತಿಳಿಯುತ್ತದೆ, ಸ್ವಲ್ಪ ಹೇಳು.

ನಿಮ್ಮಣ್ಣನಿಗೆ ಹೊಸ ಕನ್ನಡಕ ಬೇಕಂತೆ. ತಂಗಿ ಕನ್ನಡಕದಂಗಡಿಯಲ್ಲಿರುವಾಗ ನಾನೇಕೆ ದುಡ್ಡು ಕೊಡಲಿ ಎಂದು ಗಾಜು ಒಡೆದದ್ದನ್ನೇ ಹಾಕಿಕೊಂಡು ಓಡಾಡುತ್ತಿದ್ದಾರೆ.

ನಿನ್ನ
ಅತ್ತಿಗೆ

*

ಜೂನ್ 29

ಅತ್ತಿಗೆಗೆ ನಮಸ್ಕಾರ,

ಲೆಕ್ಕ ಬರುವುದು ತಡವಾಗುತ್ತದೆ. ಇಂಥ ಅಂಗಡಿಗಳಲ್ಲಿ ಹಾಗೇ. ನೀವು ತಲೆ ಕೆಡಿಸಿಕೊಳ್ಳಬೇಡಿ.

ಅಣ್ಣನ ಕಣ್ಣಿನ ಚೀಟಿ ಕಳಿಸಿ. ಚೌಕಟ್ಟು ನಾನೇ ಆರಿಸುತ್ತೇನೆ, ಅವರ ಕೈಗೆ ಬಿಟ್ಟರೆ ಮತ್ತೆ ಅದೇ ಕಪ್ಪು ಡಬ್ಬಿ. ಇಲ್ಲಿ ಕೆಲಸ ಬಹಳ. ಶಾಲೆ ಮುಗಿದಿದೆ, ಮಕ್ಕಳ ಕಣ್ಣು ತೋರಿಸಲು ತಂದೆ ತಾಯಂದಿರು ನುಗ್ಗುತ್ತಿದ್ದಾರೆ. ಬೆರಳ ತುದಿಯೆಲ್ಲ ಗಾಜಿನ ನೀರಿನಿಂದ ಸುಕ್ಕಾಗಿದೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ನಿಮ್ಮ
ಕಡ್ಡಿ

*

ಆಗಸ್ಟ್ 23

ಕಡ್ಡಿ,

ಈ ಪತ್ರ ಬರೆಯುತ್ತಿರುವುದು ಸಿಟ್ಟಿಗೋ ಅವಮಾನಕ್ಕೋ ನನಗೇ ತಿಳಿಯುತ್ತಿಲ್ಲ.

ಹೋದ ವಾರ ಪ್ರಕಾಶಕರು ಕರೆಸಿದ್ದರು. ಕುಡಿಯಲು ನೀರು ಕೊಟ್ಟರು, ನಗಲಿಲ್ಲ. ಅವರ ಲೆಕ್ಕ ನೋಡುವ ಹುಡುಗಿ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಪುಸ್ತಕ ಕೊಂಡವರ ಪಟ್ಟಿ. ಒಂದೊಂದು ಹೆಸರು ಒಂದೊಂದು ತರಹ, ವಿಳಾಸ ಮಾತ್ರ ಒಂದೇ. ನಮ್ಮ ರಸ್ತೆ, ನಮ್ಮ ಬಾಗಿಲ ನಂಬರು, ನಮ್ಮ ಮಹಡಿ. ಪರದೆ ಕೆಳಗೆ ಎಳೆದಷ್ಟೂ ನಮ್ಮ ಮನೆ.

"ನೀವೇ ಕೊಂಡ್ಕೊಂಡ್ರಾ ಮೇಡಂ?" ಅಂದರು ಪ್ರಕಾಶಕರು. ಮೆಲ್ಲಗೆ ಕೇಳಿದರು. ಜೋರಾಗಿ ಕೇಳಿದ್ದರೆ ನಾನೂ ಜೋರಾಗಿ ಉತ್ತರ ಕೊಡುತ್ತಿದ್ದೆ. "ಬೇರೆ ಬೇರೆ ಹೆಸರಲ್ಲಿ ತಾವೇ ಕೊಂಡು, ಪುಸ್ತಕ ಚೆನ್ನಾಗಿ ಹೋಗ್ತಿದೆ ಅಂತ ತೋರಿಸೋ ಲೇಖಕರು ಇದ್ದಾರೆ. ನಿಮ್ಮನ್ನ ಹಾಗಂದುಕೊಂಡಿರಲಿಲ್ಲ" ಅಂದರು.

ನೆಲ ಬಿರಿದು ಒಳಗೆ ಹೋಗಬಾರದೆ ಅನ್ನಿಸಿತು. ಇಷ್ಟು ವರ್ಷ ಜನರ ಮಲ ಮೂತ್ರ ತೆಗೆದಿದ್ದೇನೆ, ಅದಕ್ಕೆ ಎಂದೂ ನಾಚಿಕೊಂಡವಳಲ್ಲ. ಆ ಕುರ್ಚಿಯಲ್ಲಿ ಕೂತು ನನ್ನ ಮನೆಯ ವಿಳಾಸ ನೋಡಿ ನಾಚಿಕೊಂಡೆ. ನಾನಲ್ಲ ಅಂದೆ. ಹಾಗಾದರೆ ಯಾರು ಅಂದರು. ಗೊತ್ತಿಲ್ಲ ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮನೆಗೆ ಬರುವ ದಾರಿಯಲ್ಲೆಲ್ಲ ಯೋಚಿಸಿದೆ. ಕೊಂಡದ್ದೆಲ್ಲ ಇಲ್ಲಿಯ ಬೆಲೆಗೆ, ಅಂದಮೇಲೆ ಇಲ್ಲಿಯವರೇ. ನಮ್ಮ ವಿಳಾಸ ಗೊತ್ತಿರುವವರು ಯಾರು? ಎಲ್ಲರ ಫೋನಿಗೆ ಪುಸ್ತಕ ಹಾಕಿಕೊಡುವವರು ಯಾರು? ಒಬ್ಬಳೇ. ಅಗ್ಗಕ್ಕೆ ಕೊಂಡು ಯಾರಿಗಾದರೂ ಹೆಚ್ಚಿಗೆ ಮಾರುತ್ತಿದ್ದಾಳೆ ಅಂತ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಮರುದಿನ ತರಗತಿಯಲ್ಲಿ ಎಲ್ಲರ ಮುಂದೆ, "ನಿನ್ನ ಫೋನು ತೆಗಿ" ಅಂದೆ ಸೈಕಲ್ ರಾಣಿಗೆ. ಏಕೆ ಎಂದೂ ಕೇಳಲಿಲ್ಲ ಅವಳು, ತೆಗೆದು ಕೊಟ್ಟಳು. ಪುಸ್ತಕದಂಗಡಿಯ ರಸೀದಿ ತೋರಿಸು ಅಂದೆ. ತೋರಿಸಿದಳು. ಒಂದೇ ರಸೀದಿ ಇತ್ತು, ಅವಳದ್ದು, ಅವಳ ಮನೆ ವಿಳಾಸಕ್ಕೆ. ನಾನು ಇನ್ನೊಮ್ಮೆ ನೋಡಿದೆ. ಮತ್ತೆ, "ಬೇರೆ ಫೋನೇನಾದ್ರೂ ಇದೆಯಾ?" ಅಂದೆ. ಅಷ್ಟೂ ಹೆಂಗಸರು ನೋಡುತ್ತಿದ್ದರು. "ಇಲ್ಲ ಟೀಚರ್" ಅಂದಳು. ಆ ದಿನದ ಪಾಠ ಪೂರ್ತಿ ಕೂತಳು, ಅಭ್ಯಾಸದ ಮಂಚದ ಮೇಲಿನ ಹೊದಿಕೆ ಮಡಿಸಿಟ್ಟಳು, ಹೋದಳು. ಆಮೇಲೆ ಬಂದಿಲ್ಲ.

ನನಗೆ ಸಮಾಧಾನವಿಲ್ಲ ಕಡ್ಡಿ. ತಪ್ಪು ಮಾಡಿದೆನೇನೋ ಅನ್ನಿಸುತ್ತದೆ. ಅವಳಲ್ಲದಿದ್ದರೆ ಮತ್ತೆ ಯಾರು? ಮುಂದಿನ ತಿಂಗಳು ಬೆಲೆಯ ತೀರ್ಮಾನ. ಹೊರಗೆ ಮಾರಾಟವಿಲ್ಲ, ಒಳಗೆ ಮೋಸ, ಇನ್ನೇನು ಹೇಳುತ್ತಾರೆ ಎಂದು ಗೊತ್ತೇ ಇದೆ. ನೀನಾದರೂ ಹೇಳು, ಇದು ಹೇಗಾಗಿರಬಹುದು? ಬೇಗ ಬರೆ.

ನಿನ್ನ
ಅತ್ತಿಗೆ

*

ಸೆಪ್ಟೆಂಬರ್ 9

ತಂಗಿಗೆ ಅಣ್ಣನ ಆಶೀರ್ವಾದಗಳು.

ನಾನು ಪತ್ರ ಬರೆಯುವವನಲ್ಲ ಎಂದು ನಿನಗೆ ಗೊತ್ತು. ನಿನ್ನ ಅತ್ತಿಗೆ ಬೆಳಿಗ್ಗೆ ಎದ್ದ ತಕ್ಷಣ ಉತ್ತರ ಬಂತಾ ಎಂದು ಫೋನು ನೋಡುತ್ತಾಳೆ. ಬಂದಿಲ್ಲ. ಕರೆ ಮಾಡಿದರೆ ನೀನು ಎತ್ತುವುದಿಲ್ಲ. ಹುಷಾರಿಲ್ಲವೇ? ಕೆಲಸ ಹೋಯಿತೇ? ಏನಿದ್ದರೂ ಹೇಳು, ನಾನಿದ್ದೇನೆ.

ಅತ್ತಿಗೆ ಊಟ ಸರಿಯಾಗಿ ಮಾಡುತ್ತಿಲ್ಲ. ನನ್ನ ಮೇಲೆ ರೇಗುವುದನ್ನೂ ಬಿಟ್ಟಿದ್ದಾಳೆ, ಅದೇ ನನಗೆ ಹೆದರಿಕೆ.

ಕನ್ನಡಕ ಬಂತು. ಚೆನ್ನಾಗಿ ಕಾಣುತ್ತದೆ. ಚೌಕಟ್ಟು ಹೆಂಗಸರದ್ದೇನೋ ಅನ್ನುತ್ತಾರೆ ನಮ್ಮ ಕಚೇರಿಯವರು, ಅಂದುಕೊಳ್ಳಲಿ.

ಇಂತು
ಅಣ್ಣ

*

ಸೆಪ್ಟೆಂಬರ್ 14

ಅತ್ತಿಗೆಗೆ,

ಈ ಪತ್ರವನ್ನು ಬರೆದು ಬರೆದು ಅಳಿಸಿದ್ದೇನೆ. ಸುತ್ತಿ ಬಳಸಿ ಹೇಳಿದರೆ ಮತ್ತೆ ಅಳಿಸಿಬಿಡುತ್ತೇನೆ. ಆ ಪರದೆಯ ಮೇಲಿದ್ದದ್ದು ನಾನು. ಅಷ್ಟೂ ಹೆಸರುಗಳು ನಮ್ಮ ಭಾನುವಾರದ ಜನ. ಆ ವಿಳಾಸವನ್ನು ಬೆರಳಾಡಿಸಿ ಬರೆದವಳು ನಾನು.

ನಿಮ್ಮ ಪ್ರಕಾಶಕರ ಅಂಗಡಿ ಫೋನಿನಲ್ಲಿ ತೆರೆದಾಗ ನನಗೆ ಇಲ್ಲಿಯ ಬೆಲೆ ಕಾಣಿಸಿತು. ಪಕ್ಕದಲ್ಲಿ ನೀವು ಬರೆದ ಅಲ್ಲಿಯ ಬೆಲೆ ನೆನಪಾಯಿತು. ನಾವು ಬೇರೆ ದೇಶದಲ್ಲಿದ್ದೇವೆ ಎಂದು ಅಂಗಡಿಗೆ ತೋರಿಸುವ ಆ್ಯಪ್ ಇದೆ, ಇಲ್ಲಿ ಎಲ್ಲರ ಫೋನಿನಲ್ಲೂ ಇರುತ್ತದೆ, ಸಿನಿಮಾ ನೋಡುವುದಕ್ಕೆ. ಅದನ್ನು ಹಾಕಿದೆ. ಅಲ್ಲಿಯ ವಿಳಾಸ ಕೇಳಿತು. ನಮ್ಮ ಮನೆಯದು ಕೊಟ್ಟೆ. ಅಲ್ಲಿಯ ಬ್ಯಾಂಕಿನ ಹಳೆಯ ಕಾರ್ಡು ಇತ್ತು. ಬೆಲೆ ಇಳಿಯಿತು. ನಾನು ನಕ್ಕೆ ಅತ್ತಿಗೆ. ಏನೋ ಗೆದ್ದ ಹಾಗೆ.

ಭಾನುವಾರ ಕುರ್ಚಿ ಹತ್ತಿ ಹೇಳಿದ್ದು ಪುಸ್ತಕದ ವಿಷಯ ಮಾತ್ರವಲ್ಲ. ಪೂರ್ತಿ ಬೆಲೆ ಕೊಡಬೇಡಿ, ನಾನು ಮಾಡಿಕೊಡುತ್ತೇನೆ ಅಂದೆ. ಅದಕ್ಕೇ ಸಾಲು ನಿಂತರು. ಅವರವರ ಊರಿನ ವಿಳಾಸ ಕೇಳಿ ಬರೆಯುವಷ್ಟು ತಾಳ್ಮೆ ಇರಲಿಲ್ಲ. ನನ್ನ ಬೆರಳಿಗೆ ತಾನಾಗಿ ಬರುವುದು ಒಂದೇ ವಿಳಾಸ, ಶಾಲೆಯ ಪುಸ್ತಕದ ಮೇಲೆಲ್ಲ ನೀವು ಬರೆದುಕೊಡುತ್ತಿದ್ದದ್ದು. ಒಬ್ಬರಾದ ಮೇಲೆ ಒಬ್ಬರ ಫೋನಿಗೆ ಅದನ್ನೇ ಹಾಕಿದೆ. ಎಲ್ಲರೂ ಭಲೇ ಅಂದರು. ಅತ್ತಿಗೆಯ ಪುಸ್ತಕ ಇಷ್ಟು ಜನರಿಗೆ ಮುಟ್ಟಿಸಿದೆನಲ್ಲ ಎಂದು ನನಗೇ ಹೆಮ್ಮೆ. ನಿಮ್ಮ ಪತ್ರದಲ್ಲಿ ಒಪ್ಪಂದದ ವಿಷಯ ಬಿಡಿಸಿ ಬಿಡಿಸಿ ಬರೆದಿದ್ದಿರಿ. ಓದಿದ್ದೆ. ಓದಿಯೂ ಮಾಡಿದೆ.

ತಪ್ಪು ಅನ್ನಿಸಲಿಲ್ಲವೇ ಎಂದು ಕೇಳುತ್ತೀರಿ. ಅನ್ನಿಸದ ಹಾಗೆ ಮಾತು ಕಟ್ಟಿಕೊಂಡಿದ್ದೆ. ಅದೇ ಅಕ್ಷರ, ಅದೇ ಪುಟ, ಕಾಗದವಿಲ್ಲ, ಹಡಗಿನ ಬಾಡಿಗೆಯಿಲ್ಲ, ನಾನಿರುವ ಊರು ನೋಡಿ ಮೂರು ಪಟ್ಟು ಕೇಳುವುದು ಯಾವ ನ್ಯಾಯ? ದೊಡ್ಡ ಅಂಗಡಿಗೆ ನಾಲ್ಕು ಕಾಸು ಕಮ್ಮಿಯಾದರೆ ಯಾರ ಮನೆ ಮುಳುಗುತ್ತದೆ? ಎಲ್ಲರೂ ಮಾಡುತ್ತಾರಲ್ಲ? ಹೀಗೆಲ್ಲ. ಮನೆ ನಮ್ಮದೇ ಮುಳುಗುತ್ತದೆ ಎಂದು ಹೊಳೆಯಲಿಲ್ಲ. ಅದೇ ವಾರ ನಾನು ಒಂದು ಜೊತೆ ಚಪ್ಪಲಿ ಕೊಂಡೆ, ನಿಮ್ಮ ಪುಸ್ತಕದ ಪೂರ್ತಿ ಬೆಲೆ ಅದರ ಒಂದು ಪಟ್ಟಿಗೂ ಸಮವಲ್ಲ. ಆ ಅಂಗಡಿಯಲ್ಲಿ ಚೌಕಾಸಿ ಮಾಡಲಿಲ್ಲ.

ಜೂನಿನಲ್ಲಿ ನೀವು, ಅವರೆಲ್ಲ ಎಲ್ಲಿ ಹೋದರು ಎಂದು ಕೇಳಿದಾಗಲೇ ನನಗೆ ಎಲ್ಲ ಅರ್ಥವಾಯಿತು. ಆಗಲೇ ಹೇಳಿದ್ದರೆ ನೀವು ಆ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಆ ಹೆಂಗಸಿನ ಫೋನು ಕೇಳುತ್ತಿರಲಿಲ್ಲ. ಲೆಕ್ಕ ತಡವಾಗುತ್ತದೆ ಎಂದು ಬರೆದೆ. ಅದು ಬರಿಯ ಸುಳ್ಳು. ಪುಸ್ತಕ ಅಗ್ಗಕ್ಕೆ ಕೊಂಡದ್ದಕ್ಕಿಂತ ಆ ಒಂದು ಸಾಲು ನನ್ನನ್ನು ಸುಡುತ್ತಿದೆ.

ಆಗಸ್ಟಿನ ಪತ್ರ ಓದಿದ ಮೇಲೆ ಫೋನು ಎತ್ತಲು ಧೈರ್ಯ ಬರಲಿಲ್ಲ. ನೀವು ಕಡ್ಡಿ ಎಂದು ಕರೆದುಬಿಟ್ಟರೆ ಏನು ಮಾಡಲಿ ಅನ್ನಿಸುತ್ತಿತ್ತು. ಪ್ರಕಾಶಕರಿಗೆ ನಾನೇ ಬರೆಯುತ್ತೇನೆ. ಭಾನುವಾರದವರನ್ನೆಲ್ಲ ಪೂರ್ತಿ ಬೆಲೆಗೆ ಮತ್ತೆ ಕೊಳ್ಳಿ ಎಂದು ಕೇಳುತ್ತೇನೆ. ಆ ಹೆಂಗಸಿಗೆ ಏನು ಮಾಡಬೇಕೋ ನನಗೆ ತಿಳಿಯುತ್ತಿಲ್ಲ. ನೀವು ಹೇಳಿ. ಬೈಯಿರಿ. ಸುಮ್ಮನಿರಬೇಡಿ.

ಕಡ್ಡಿ

*

ಅಕ್ಟೋಬರ್ 2

ನಾದಿನಿಗೆ,

ಪತ್ರ ತಲುಪಿತು.

ಪ್ರಕಾಶಕರಿಗೆ ನೀನು ಬರೆಯುವುದು ಬೇಡ. ನಾನೇ ಹೋಗಿ, ಇದು ನಮ್ಮ ಮನೆಯೊಳಗಿನವರೊಬ್ಬರಿಂದಲೇ ಆದದ್ದು ಎಂದು ಹೇಳಿ ಬಂದೆ. ಯಾರು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. "ಹೋಗ್ಲಿ ಬಿಡಿ ಮೇಡಂ" ಅಂದರು. ಅವರು ನಂಬಿದರೋ, ನನ್ನನ್ನೇ ಅಂದುಕೊಂಡು ಕ್ಷಮಿಸಿದರೋ ನನಗೆ ಗೊತ್ತಿಲ್ಲ. ಈ ತಿಂಗಳಿಂದ ಎಲ್ಲರಿಗೂ ಒಂದೇ ಬೆಲೆ. ಹೊಸದಾಗಿ ತರಗತಿಗೆ ಸೇರಿದವರಲ್ಲಿ ಒಬ್ಬರೂ ಪುಸ್ತಕ ಕೊಂಡಿಲ್ಲ. ನಾನು ಪುಟ ಪುಟವಾಗಿ ಬೋರ್ಡಿನ ಮೇಲೆ ಬರೆಯುತ್ತೇನೆ, ಅವರು ನಕಲು ಮಾಡಿಕೊಳ್ಳುತ್ತಾರೆ.

ನಿಮ್ಮಣ್ಣನಿಗೆ ನಾನು ಏನೂ ಹೇಳಿಲ್ಲ. ನೀನೇ ಹೇಳಬೇಕು.

ಅತ್ತಿಗೆ

*

ಅಕ್ಟೋಬರ್ 21

ಅತ್ತಿಗೆಗೆ,

ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಮತ್ತೆ ಮೊದಲಿಂದ ಹೇಳಿಸಿದರು. ಆಮೇಲೆ, "ನಿನ್ನ ಅತ್ತಿಗೆಗೆ ಅಪ್ಪ ಅಮ್ಮ ಯಾರೂ ಇಲ್ಲ, ನಮ್ಮನೇ ಅವಳ ಮನೆ. ಆ ಮನೆ ಹೆಸರನ್ನೇ ಹಾಳು ಮಾಡಿದ್ಯಲ್ಲೇ" ಅಂದರು. ಅಣ್ಣ ನನಗೆ ಯಾವತ್ತೂ ಹೀಗೆ ಮಾತಾಡಿರಲಿಲ್ಲ.

ಭಾನುವಾರ ಮತ್ತೆ ನಿಂತು ಹೇಳಿದೆ, ಕುರ್ಚಿ ಹತ್ತಲಿಲ್ಲ. ಕೆಲವರು ಅಲ್ಲೇ ಪೂರ್ತಿ ಬೆಲೆ ಕೊಟ್ಟು ಕೊಂಡರು. ಕೆಲವರು ಕಾಫಿ ಲೋಟದೊಳಗೆ ನೋಡುತ್ತಾ ಕೂತರು. ದಂತವೈದ್ಯರೊಬ್ಬರಿದ್ದಾರೆ, ದೊಡ್ಡ ಮನೆ, ಎರಡು ಕಾರು. "ನಾವೇನು ಕದ್ದಿದ್ದೀವಾ? ದುಡ್ಡು ಕೊಟ್ಟೇ ಅಲ್ವಾ ತಗೊಂಡಿದ್ದು? ಇಷ್ಟಕ್ಕೆಲ್ಲ ಯಾರಮ್ಮ ತಲೆ ಕೆಡಿಸ್ಕೊಳ್ತಾರೆ?" ಅಂದರು. ಮಾರ್ಚಿನಲ್ಲಿ ನಾನೂ ಹೀಗೇ ಹೇಳುತ್ತಿದ್ದೆ, ಹಾಗಾಗಿ ಅವರನ್ನು ಬಿಟ್ಟು ಮುಂದಿನವರ ಬಳಿ ಹೋದೆ.

ಇನ್ನೊಬ್ಬರು, ಎಲ್ಲರೂ ಒಬ್ಬೊಬ್ಬರಾಗಿ ಹೋಗುವವರೆಗೆ ಕಾದು ನನ್ನ ಬಳಿ ಬಂದರು. ಇಲ್ಲಿ ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳುವ ಹೆಂಗಸು, ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಮಲಗುತ್ತಾರೆ, ಸಂಬಳದಲ್ಲಿ ಮುಕ್ಕಾಲು ಊರಿಗೆ ಕಳಿಸುತ್ತಾರೆ. "ಪೂರ್ತಿ ಬೆಲೆ ಈ ತಿಂಗಳು ನನ್ನಿಂದ ಆಗಲ್ಲಮ್ಮ, ಪುಸ್ತಕ ಅಳಿಸಿಬಿಡಲಾ?" ಅಂದರು. ನಿಮ್ಮ ಪುಸ್ತಕ ಇವರಿಗೇ ಅಲ್ಲವೇ ಅತ್ತಿಗೆ ಬರೆದದ್ದು? ಆದರೆ ಅಂಗಡಿ ಕೇಳುವುದು ಎಲ್ಲಿದ್ದೀಯ ಎಂದು, ಏನು ಸಂಪಾದಿಸುತ್ತೀಯ ಎಂದಲ್ಲ. ಅವರದ್ದು ತಪ್ಪಲ್ಲ, ನನ್ನದು ತಪ್ಪು ಎಂದು ನನಗೆ ಗೊತ್ತು, ಅಂಗಡಿಯ ಲೆಕ್ಕದಲ್ಲಿ ಮಾತ್ರ ಇಬ್ಬರದೂ ಒಂದೇ. ಅಳಿಸಬೇಡಿ ಎಂದು ಹೇಳಿ ನಾನೇ ಅವರ ಹೆಸರಿಗೆ ಇನ್ನೊಂದು ಕೊಂಡೆ. ಅವರು ಕೈ ಮುಗಿದರು. ಆ ಕೈ ನೋಡಲಾಗದೆ ಕುರ್ಚಿಗಳನ್ನು ಜೋಡಿಸುವುದಕ್ಕೆ ಹೋದೆ.

ಇದರಿಂದೆಲ್ಲ ನಿಮ್ಮ ಬೆಲೆ ಹಿಂದಕ್ಕೆ ಬರುವುದಿಲ್ಲ ಎಂದು ಗೊತ್ತು. ಸೈಕಲ್ ರಾಣಿಯ ಫೋನ್ ನಂಬರು ಕೊಡಿ. ನಾನೇ ಮಾತಾಡಿ ಕ್ಷಮೆ ಕೇಳುತ್ತೇನೆ. ನನ್ನಿಂದ ನಿಮಗೆ ಬಂದ ಕೆಟ್ಟ ಹೆಸರನ್ನು ನಾನೇ ಹೊರಬೇಕು.

ಕಡ್ಡಿ

*

ನವೆಂಬರ್ 16

ಕಡ್ಡಿಗೆ,

ನಂಬರು ಕೊಡುವುದಿಲ್ಲ. ಅವಳು ಬೇಡ ಅಂದಿದ್ದಾಳೆ. ಏಕೆಂದು ಬರೆಯುತ್ತೇನೆ.

ಹೋದ ಶನಿವಾರ ಅವಳ ಮನೆಗೆ ಹೋಗಿದ್ದೆ. ಇಷ್ಟು ದಿನ ಹೋಗದೇ ಇದ್ದದ್ದು ನನ್ನ ಹೇಡಿತನ. ಇವತ್ತು ತಲೆನೋವು, ನಾಳೆ ಪರೀಕ್ಷೆ ಎಂದು ನೆಪ ಹೇಳಿಕೊಂಡು ಕೂತಿದ್ದೆ. ನಿನಗೆ ಬೈಯುವುದು ಸುಲಭವಾಗಿತ್ತು, ಅದನ್ನು ಮನಸ್ಸಿನಲ್ಲೇ ದಿನವೂ ಮಾಡುತ್ತಿದ್ದೆ.

ಒಂದೇ ಕೋಣೆಯ ಮನೆ. ಹಗಲಲ್ಲೂ ದೀಪ ಹಾಕಬೇಕು. ನಾವು ಕೊಟ್ಟ ಹಾಸಿಗೆಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಸುತ್ತಿ ಹಗ್ಗ ಕಟ್ಟಿ ಬಾಗಿಲ ಹಿಂದೆ ನಿಲ್ಲಿಸಿದ್ದಳು. "ನಾನೇ ತಂದುಕೊಡಬೇಕು ಅಂತಿದ್ದೆ ಟೀಚರ್, ಬರೋಕೆ ಮನಸ್ಸಾಗಲಿಲ್ಲ" ಅಂದಳು. ಕೂರಲು ಸ್ಟೂಲು ಕೊಟ್ಟು, ತಾನು ನೆಲದ ಮೇಲೆ ಕೂತಳು. ನಾನೂ ನೆಲಕ್ಕೇ ಇಳಿದೆ.

ತಪ್ಪಾಯಿತು ಅಂದೆ. ಎಲ್ಲರ ಮುಂದೆ ಕೇಳಬಾರದಿತ್ತು ಅಂದೆ. ತರಗತಿಯಲ್ಲಿ ಎಲ್ಲರೆದುರೂ ನಿನಗೆ ಕ್ಷಮೆ ಕೇಳುತ್ತೇನೆ, ಬಾ ಅಂದೆ. ಅವಳು ಸೆರಗಿನ ಅಂಚು ಸುರುಳಿ ಸುತ್ತುತ್ತಾ ಕೂತಿದ್ದಳು. "ಯಾರು ಅಂತ ಗೊತ್ತಾಯ್ತಾ ಟೀಚರ್?" ಅಂದಳು.

ಸುಳ್ಳು ಹೇಳಬಹುದಿತ್ತು. ಯಾರೋ ಹೊರಗಿನವರು ಅಂದಿದ್ದರೆ ಮುಗಿಯುತ್ತಿತ್ತು. ಒಂದು ಕ್ಷಣ ಹಾಗೇ ಹೇಳಲು ಬಾಯಿ ತೆರೆದೆ ಕೂಡ. ನಿನ್ನ ಮಾನ ಉಳಿಸುವುದಕ್ಕೋ ನನ್ನದು ಉಳಿಸುವುದಕ್ಕೋ, ಈಗ ಕೇಳಿದರೆ ಹೇಳಲಾರೆ. ಆದರೆ ಅವಳ ಮುಖ ನೋಡಿ ಆಗಲಿಲ್ಲ. ನಮ್ಮ ನಾದಿನಿ ಅಂದೆ.

ಅವಳು ತಲೆ ಎತ್ತಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ಒಳ್ಳೆಯದಿತ್ತು. "ಕುರ್ಚಿ ಹತ್ತಿ ನಿಂತಿದ್ರಲ್ಲ, ಅವರಾ?" ಅಂದಳು. ಹೌದು ಅಂದೆ. ನಾದಿನಿ ನಿನ್ನ ಹತ್ತಿರ ಮಾತಾಡಬೇಕು ಅಂತಿದ್ದಾಳೆ, ನಿನ್ನ ನಂಬರು ಕೊಡಲಾ ಅಂದೆ. "ಬೇಡ ಟೀಚರ್. ಅವರಿಗೆ ನಾನು ಯಾರು ಅಂತ್ಲೇ ಗೊತ್ತಿಲ್ಲ, ಅವರು ನನಗೇನೂ ಮಾಡ್ಲಿಲ್ಲ" ಅಂದಳು.

ನೀನು ನನಗೆ ಮಾಡಿದ್ದಕ್ಕೆ ನಿನ್ನ ಮೇಲೆ ಸಿಟ್ಟಿತ್ತು ಕಡ್ಡಿ. ಇನ್ನೂ ಇದೆ, ಸುಳ್ಳೇಕೆ ಹೇಳಲಿ. ಆದರೆ ನೀನು ಬರೆದೆಯಲ್ಲ, ನನ್ನಿಂದ ಬಂದ ಕೆಟ್ಟ ಹೆಸರನ್ನು ನಾನೇ ಹೊರಬೇಕು ಎಂದು. ಪಾಲು ಮಾಡಿ ನೋಡಿದೆ. ನಿನ್ನ ಪಾಲು ನಿನಗಿದೆ. ಆ ತರಗತಿಯಲ್ಲಿ ನಡೆದದ್ದು ಮಾತ್ರ ಪೂರ್ತಿ ನನ್ನದು, ಅದನ್ನು ನಿನ್ನ ತಲೆಗೆ ಕಟ್ಟಿ ನಾನು ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಎಲ್ಲರ ಫೋನಿಗೂ ನಾನೇ ಹಾಕಿಕೊಟ್ಟೆ ಎಂದು ನೀನು ಬರೆದ ಪತ್ರ ಮಾರ್ಚಿನಿಂದ ನನ್ನ ಹತ್ತಿರವೇ ಇತ್ತು. ಹೊರಗೆ ಮಾರಾಟವಿಲ್ಲ ಎಂದೂ ಗೊತ್ತಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದರೆ ಮಗುವಿಗೂ ತಿಳಿಯುತ್ತಿತ್ತು. ನನಗೆ ನೋಡಬೇಕು ಅಂತಲೇ ಅನ್ನಿಸಲಿಲ್ಲ.

ಹೊರಡಲು ಎದ್ದೆ. ಹಾಸಿಗೆ ನಿನ್ನ ಹತ್ತಿರವೇ ಇರಲಿ ಅಂದೆ, ಬೇಡ ಅಂದಳು. ಆಟೋದವನನ್ನು ಕರೆದು ತಾನೇ ಹಾಸಿಗೆ ಎತ್ತಿ ಒಳಗಿಟ್ಟಳು. ಆಟೋ ಹೊರಡುವ ಮುಂಚೆ ಪಕ್ಕಕ್ಕೆ ಬಂದು ನಿಂತಳು.

"ಟೀಚರ್, ಒಂದು ಕೇಳ್ಲಾ? ನಿಮ್ಮ ನಾದಿನಿ ಅಂತ ಆವತ್ತೇ ಗೊತ್ತಿದ್ದಿದ್ರೆ, ಅವರು ನಮ್ಮ ಕ್ಲಾಸಲ್ಲೇ ಕೂತಿದ್ದಿದ್ರೆ, ಎಲ್ಲರ ಮುಂದೆ ಫೋನು ತೆಗಿ ಅಂತಿದ್ರಾ?"

ಇಲ್ಲ ಅಂದೆ.

"ಹ್ಞೂಂ" ಅಂದಳು, ಆಟೋದವನಿಗೆ ಹೊರಡಲು ಹೇಳಿದಳು.

ನಿನ್ನ
ಅತ್ತಿಗೆ